‘ತಡೆ’, ‘ತಾಳಿಕೆ’, ‘ಬಾಳಿಕೆ’: ಬಲಪಡಿಸಿದ ಗೇರ್‌ಬಾಕ್ಸ್‌ಗೆ ಯಾವ ಪದ?

ಮಾನ್ಯರೆ,

ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಹೆಚ್ಚು ಅಶ್ವಶಕ್ತಿಯ ಎಂಜಿನ್‌ಗೆ ತಕ್ಕಂತೆ ಬಲಪಡಿಸುವ ಬಗೆಯನ್ನು ಕುರಿತ ಬರಹವೊಂದರಲ್ಲಿ ‘ಈ ಗೇರ್‌ಬಾಕ್ಸ್ 500 ಅಶ್ವಶಕ್ತಿಯನ್ನು ತಡೆಯುತ್ತದೆ’ ಎಂಬ ವಾಕ್ಯವಿದೆ. ‘ಈ ಹಗ್ಗ ಅಷ್ಟು ಭಾರ ತಡೆಯುವುದಿಲ್ಲ’ ಎಂದಾಗ ಯಾರಿಗೂ ಗೊಂದಲವಾಗುವುದಿಲ್ಲ. ಆದರೆ ಶಕ್ತಿಯನ್ನು ಚಕ್ರಗಳಿಗೆ ಸಾಗಿಸುವುದೇ ಕೆಲಸವಾಗಿರುವ ಯಂತ್ರವು ಶಕ್ತಿಯನ್ನು ‘ತಡೆಯುತ್ತದೆ’ ಎಂದರೆ ಮುಂದೆ ಹೋಗಗೊಡುವುದಿಲ್ಲವೆಂಬ ಅರ್ಥವೂ ಹೊರಡುತ್ತದೆ. ಅದೇ ಗೇರ್‌ಬಾಕ್ಸ್‌ನೊಳಗೆ ಡ್ರಮ್ಮನ್ನು (ತಿರುಗುವ ಉರುಳೆಯನ್ನು) ಸುತ್ತಿ ಹಿಡಿದು ತಿರುಗದಂತೆ ನಿಜವಾಗಿಯೇ ತಡೆಯುವ ಬ್ಯಾಂಡ್ ಎಂಬ ಪಟ್ಟಿ ಇರುವುದರಿಂದ, ಒಂದೇ ಪುಟದಲ್ಲಿ ಒಂದೇ ಕ್ರಿಯಾಪದವನ್ನು ಎರಡು ಅರ್ಥಗಳಲ್ಲಿ ಬಳಸುವುದು ನನಗೆ ಸರಿಯೆನಿಸುವುದಿಲ್ಲ.

ಇದಕ್ಕೆ ಬದಲಾಗಿ ‘ತಾಳು’, ‘ತಾಳಿಕೆ’ ಎಂಬ ರೂಪಗಳನ್ನು ಬಳಸಬೇಕೆಂದಿದ್ದೇನೆ. ಇಲ್ಲಿರುವ ತೊಡಕು ‘ಬಾಳಿಕೆ’ಯದು. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಎರಡನ್ನೂ ಜೋಡಿಸಿಟ್ಟಿದೆ. ‘ತಾಳಿಕೆ ಬರುವ ಬಟ್ಟೆ’ ಎನ್ನುವಾಗಲೂ ನಾವು ಹೇಳುವುದು ಅದು ಬಹುಕಾಲ ಉಳಿಯುತ್ತದೆ ಎಂದೇ. ಗೇರ್‌ಬಾಕ್ಸ್‌ನಲ್ಲಾದರೋ ಇವೆರಡೂ ಬೇರೆಬೇರೆ ದಿಕ್ಕಿಗೆ ಸಾಗಬಲ್ಲವು. 1982ರಲ್ಲಿ ಬಂದ ಜನರಲ್ ಮೋಟಾರ್ಸ್‌ನ 700ಆರ್4 ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೇ ನೋಡಬಹುದು. ಅದರಲ್ಲಿ ಮೂರನೆಯ ಮತ್ತು ನಾಲ್ಕನೆಯ ಗೇರುಗಳನ್ನು ಹಿಡಿಯುವ ಕ್ಲಚ್ ಜಾರಿ ಸುಟ್ಟುಹೋಗುವುದು ಹೆಸರಾದ ದೌರ್ಬಲ್ಯ. ಆ ಕ್ಲಚ್ ಇರುವ ಡ್ರಮ್ಮಿನೊಳಗೆ ಇನ್ನಷ್ಟು ಘರ್ಷಣೆಯ ಪ್ಲೇಟುಗಳನ್ನು ಕೂರಿಸಿದರೆ ಹಿಡಿತ ಹೆಚ್ಚುತ್ತದೆ, ಆದರೆ ಜಾಗ ಸಾಲದೆ ನಡುವಣ ಉಕ್ಕಿನ ಪ್ಲೇಟುಗಳನ್ನು ತೆಳುವಾಗಿಸಬೇಕಾಗುತ್ತದೆ. ತೆಳುವಾದ ಉಕ್ಕು ಹೀರಿಕೊಳ್ಳಬಲ್ಲ ಬಿಸಿ ಕಡಿಮೆಯಾದ್ದರಿಂದ ಅದು ಬೇಗ ಕಾಯುತ್ತದೆ. ಈ ಪ್ಲೇಟುಗಳನ್ನು ಒತ್ತಿಹಿಡಿಯುವ ಆಯಿಲ್ ಒತ್ತಡವನ್ನು ಏರಿಸಿದಾಗಲೂ ಕ್ಲಚ್ ಗಟ್ಟಿಯಾಗಿ ಹಿಡಿಯುತ್ತದೆಯಾದರೂ ಪಂಪಿನ ಮೇಲಿನ ಹೊರೆ ಹೆಚ್ಚುತ್ತದೆ, ಗೇರ್ ಬೀಳುವಾಗಿನ ಹೊಡೆತ ಶಾಫ್ಟುಗಳಿಗೆ ತಟ್ಟುತ್ತದೆ. ಆದ್ದರಿಂದ ಒಮ್ಮೆಗೆ ಎಷ್ಟು ಹೊರಬಲ್ಲದು ಎಂಬುದಕ್ಕೆ ‘ತಾಳಿಕೆ’, ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ‘ಬಾಳಿಕೆ’ ಎಂದು ಖಚಿತವಾಗಿ ಬೇರ್ಪಡಿಸುವುದು ಅಗತ್ಯವೆಂದು ನನ್ನ ಅಭಿಪ್ರಾಯ.

ಆ ವಾಕ್ಯದ ಕರ್ಮಪದವೂ ಚರ್ಚಿಸತಕ್ಕದ್ದು. ಕ್ಲಚ್ಚನ್ನು ಜಾರಿಸುವುದು ಅಶ್ವಶಕ್ತಿಯಲ್ಲ, ಟಾರ್ಕ್, ಅಂದರೆ ತಿರುಗಿಸುವ ಬಲ. 500 ಅಶ್ವಶಕ್ತಿಯು ನಿಮಿಷಕ್ಕೆ 7,000 ಸುತ್ತುಗಳಲ್ಲಿ ದೊರೆತರೆ ಟಾರ್ಕ್ ಸುಮಾರು 500 ನ್ಯೂಟನ್ ಮೀಟರ್. 4,000 ಸುತ್ತುಗಳಲ್ಲೇ ದೊರೆತರೆ ಸುಮಾರು 880. ಸಾಲದ್ದಕ್ಕೆ, ನಿಂತ ವಾಹನ ಹೊರಡುವ ಗಳಿಗೆಯಲ್ಲಿ, ಎಂಜಿನ್ನಿಗೂ ಗೇರ್‌ಬಾಕ್ಸ್‌ಗೂ ನಡುವೆ ಆಯಿಲ್ ಮೂಲಕ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್ ಆ ಟಾರ್ಕನ್ನು ಹೆಚ್ಚುಕಡಿಮೆ ಇಮ್ಮಡಿಸಿ ಒಳಶಾಫ್ಟಿಗೆ ದಾಟಿಸುತ್ತದೆ. ಹಾಗಾಗಿ ‘500 ಅಶ್ವಶಕ್ತಿ ತಾಳುತ್ತದೆ’ ಎಂಬುದೂ ಅರೆಮಾತೇ. ‘ಟಾರ್ಕ್ ತಾಳಿಕೆ’ ಎಂಬ ಜೋಡಿಪದವೇ ನನಗೆ ಹೆಚ್ಚು ನಿಖರವಾಗಿ ತೋರುತ್ತದೆ.

ಬಲ್ಲವರಲ್ಲಿ ನನ್ನ ಪ್ರಶ್ನೆ ಇದು: ಬಟ್ಟೆಯ ಮಾತಿನಲ್ಲಿ ‘ತಾಳಿಕೆ’ಗಿರುವ ಕಾಲಸೂಚಕ ಅರ್ಥ ನಿಮ್ಮ ಕಿವಿಗೆ ಎಷ್ಟು ಬಲವಾಗಿ ಕೇಳುತ್ತದೆ? ಅದು ಇಲ್ಲಿಯೂ ಅಡ್ಡಬರುವುದಾದರೆ ‘ಹೊರೆ ತಾಳುವ ಮಿತಿ’ ಎಂದು ಬಿಡಿಸಿ ಬರೆಯುವುದು ಲೇಸೇ?