ಇಂಗ್ಲೆಂಡಿನ ‘ರಕ್ತಸಿಕ್ತ ಸಂಹಿತೆ’: ಕಾನೂನಿನಲ್ಲಿದ್ದಷ್ಟು ಗಲ್ಲು ಆಚರಣೆಯಲ್ಲಿ ಏಕಿರಲಿಲ್ಲ?

ಪ್ರಶ್ನೆ

1688ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸುಮಾರು 50 ಅಪರಾಧಗಳಿಗೆ ಮರಣದಂಡನೆಯಿತ್ತು. 1820ರ ಸುಮಾರಿಗೆ ಆ ಸಂಖ್ಯೆ 200ನ್ನು ದಾಟಿತ್ತು. ಈ ಕಾನೂನುಗಳನ್ನೇ ಒಟ್ಟಾಗಿ ‘ರಕ್ತಸಿಕ್ತ ಸಂಹಿತೆ’ ಎನ್ನುತ್ತಾರೆ. ಅಂಗಡಿಯಿಂದ 5 ಶಿಲ್ಲಿಂಗ್ ಬೆಲೆಯ ಸಾಮಾನನ್ನು ಗುಟ್ಟಾಗಿ ಎತ್ತಿದವನಿಗೂ, 1723ರ ‘ಬ್ಲ್ಯಾಕ್ ಆ್ಯಕ್ಟ್’ ಎಂಬ ಕಾಯ್ದೆಯ ನಂತರ ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಬೇಟೆಗೆ ನುಗ್ಗಿದವನಿಗೂ ನೇಣೇ ಗತಿ. ಆದರೂ ಹೀಗೆ ಸಿಕ್ಕಿಬಿದ್ದವರಲ್ಲಿ ಬಹುಪಾಲು ಜನ ಗಲ್ಲಿಗೇರಲಿಲ್ಲವಂತೆ. ಸಂಸತ್ತು ಬಿಗಿಗೊಳಿಸುತ್ತಲೇ ಹೋದ ಕಾನೂನನ್ನು ನ್ಯಾಯಾಲಯಗಳು ಸಡಿಲಿಸಿದ್ದು ಹೇಗೆ?

ಉತ್ತರ 1

ಮುಖ್ಯ ದಾರಿ ಜ್ಯೂರಿಯದು, ಅಂದರೆ ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸಲು ಕುಳಿತ ನಾಗರಿಕರ ಮಂಡಳಿಯದು. ವಾಸದ ಮನೆಯಿಂದ 40 ಶಿಲ್ಲಿಂಗ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ವಸ್ತುವನ್ನು ಕದ್ದರೆ ಮರಣದಂಡನೆ ಎಂದು 1713ರ ಕಾಯ್ದೆ ಹೇಳುತ್ತಿತ್ತು. ಮಾಲೀಕ ಎಷ್ಟೇ ಬೆಲೆ ಹೇಳಲಿ, ಆರೋಪಿಯ ಜೀವ ಉಳಿಸಬೇಕೆನಿಸಿದಾಗ ಜ್ಯೂರಿಯವರು ಕದ್ದ ಮಾಲಿನ ಮೌಲ್ಯವನ್ನು 39 ಶಿಲ್ಲಿಂಗ್ ಎಂದು ನಿರ್ಧರಿಸಿಬಿಡುತ್ತಿದ್ದರು. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ದಾಖಲೆಗಳನ್ನು ಓದುತ್ತಾ ಹೋದರೆ ಈ 39 ಮತ್ತೆ ಮತ್ತೆ ಎದುರಾಗುತ್ತದೆ. ಪ್ರಮಾಣ ಮಾಡಿ ಕುಳಿತವರು ತಿಳಿದೂ ತಿಳಿದೂ ಹೇಳಿದ ಈ ಸುಳ್ಳಿನಿಂದ ಎಷ್ಟೋ ಮನೆಗೆಲಸದ ಹೆಣ್ಣುಮಕ್ಕಳ ಪ್ರಾಣ ಉಳಿದಿದೆ.

ಉತ್ತರ 2

ಇದಕ್ಕಿಂತ ಹಳೆಯದು ‘ಪಾದ್ರಿಗಳ ವಿನಾಯಿತಿ’, ಅಂದರೆ ಗಲ್ಲಿನಿಂದ ಪಾದ್ರಿಗಳಿಗಿದ್ದ ರಿಯಾಯಿತಿ. ಓದು ಬಲ್ಲವನು ಪಾದ್ರಿಗೆ ಸಮಾನನೆಂದು ಭಾವಿಸಿ, ಬೈಬಲ್ಲಿನ 51ನೆಯ ಕೀರ್ತನೆಯ ಸಾಲನ್ನು ಓದಿಸಿ, ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟುಬಿಡುತ್ತಿದ್ದರು. ಬರೆ ಹಾಕುತ್ತಿದ್ದುದು ಅವನು ಎರಡನೆಯ ಸಲ ಅದೇ ವಿನಾಯಿತಿ ಕೇಳಬಾರದೆಂದು. ದ್ವಂದ್ವಯುದ್ಧದಲ್ಲಿ ಒಬ್ಬ ನಟನನ್ನು ಕೊಂದ ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ಪಾರಾದದ್ದು ಹೀಗೆಯೇ. ಓದಿನ ಪರೀಕ್ಷೆ 1706ರಲ್ಲಿ ರದ್ದಾಯಿತು, ಆದರೆ ಸಂಸತ್ತು ಒಂದೊಂದೇ ಅಪರಾಧವನ್ನು ಈ ವಿನಾಯಿತಿಯಿಂದ ಹೊರಗಿಡುತ್ತಾ ಬಂದಿತ್ತು, ಮತ್ತು ಮರಣದಂಡನೆಯ ಪಟ್ಟಿ ಬೆಳೆದದ್ದಕ್ಕೆ ಅದೂ ಒಂದು ಕಾರಣ. 1718ರ ಕಾಯ್ದೆಯ ನಂತರ ಅಮೆರಿಕದ ವಸಾಹತುಗಳಿಗೆ 7 ಅಥವಾ 14 ವರ್ಷ ಗಡಿಪಾರು ಮಾಡುವುದು ನಡುವಿನ ಶಿಕ್ಷೆಯಾಗಿ ಒದಗಿತು. ಅಲ್ಲಿ ಕ್ರಾಂತಿ ಆರಂಭವಾಗುವವರೆಗೆ ಸುಮಾರು 50,000 ಕೈದಿಗಳು ಹಾಗೆ ಸಾಗರ ದಾಟಿದರು.

ಉತ್ತರ 3

ಮೇಲಿನ ಮಾಹಿತಿ ಸರಿಯಾಗಿದೆ, ಆದರೆ ಇದನ್ನೆಲ್ಲ ಕರುಣೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕ್ಷಮಾದಾನ ಸಿಗಬೇಕಾದರೆ ಯಜಮಾನನೋ, ಊರಿನ ಪಾದ್ರಿಯೋ, ಜಮೀನ್ದಾರನೋ ‘ಇವನು ಒಳ್ಳೆಯವನು’ ಎಂದು ಹೇಳಬೇಕಿತ್ತು. ಹಳ್ಳಿ ಬಿಟ್ಟು ಕೆಲಸ ಹುಡುಕಿಕೊಂಡು ಲಂಡನ್ನಿಗೆ ಬಂದ ಯುವಕನ ಪರವಾಗಿ ಹಾಗೆ ಹೇಳಲು ಯಾರಿದ್ದರು? ಟೈಬರ್ನ್‌ನ ಗಲ್ಲುಗಂಬದತ್ತ ಗಾಡಿಯಲ್ಲಿ ಸಾಗಿದವರಲ್ಲಿ ಇಂಥವರೇ ಹೆಚ್ಚು. ಕೊಲ್ಲುವ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡು ಬೇಕಾದವರನ್ನು ಬಿಡುವುದರಿಂದ ಬಡವರು ಉಳ್ಳವರ ಹಂಗಿನಲ್ಲೇ ಬದುಕುವಂತಾಯಿತು.

ಪ್ರಶ್ನೆ ಕೇಳಿದವರಿಂದ

ಹಾಗಿದ್ದರೆ ಆ ಉಳ್ಳವರೇ ಈ ವ್ಯವಸ್ಥೆಯನ್ನು ಬಿಟ್ಟುಕೊಟ್ಟದ್ದೇಕೆ?

ಉತ್ತರ 3 ಬರೆದವರಿಂದ

ಅದು ಅವರ ಆಸ್ತಿಯನ್ನು ಕಾಯುತ್ತಿರಲಿಲ್ಲ, ಅದಕ್ಕೇ. ಆಗ ಮೊಕದ್ದಮೆ ಹೂಡುವ ಹೊಣೆ ಕಳವಿಗೆ ಒಳಗಾದವನದೇ. ಒಂದು ತುಂಡು ಬಟ್ಟೆಗಾಗಿ ಒಬ್ಬನನ್ನು ನೇಣಿಗೆ ಕಳುಹಿಸಲು ಹಿಂಜರಿದು ಅನೇಕರು ದೂರನ್ನೇ ಕೊಡುತ್ತಿರಲಿಲ್ಲ, ಕೊಟ್ಟರೂ ಜ್ಯೂರಿ ಬಿಟ್ಟುಬಿಡುವ ಸಾಧ್ಯತೆಯಿತ್ತು. ಬಟ್ಟೆ ಬಿಳಿಚಿಸುವ ಬಯಲುಗಳ ಮಾಲೀಕರು, ಅಲ್ಲಿನ ಕಳ್ಳತನಕ್ಕಿದ್ದ ಮರಣದಂಡನೆಯನ್ನು ತೆಗೆದುಹಾಕಿ ಎಂದು ತಾವೇ ಸಂಸತ್ತಿಗೆ ಅರ್ಜಿ ಸಲ್ಲಿಸಿದರು. ಕಾನೂನು ಸುಧಾರಣೆಗೆ ಹೋರಾಡಿದ ಸಂಸದ ಸ್ಯಾಮ್ಯುಯೆಲ್ ರೊಮಿಲಿ ಮಂಡಿಸಿದ ಮಸೂದೆಗಳಲ್ಲಿ ಹಲವು ಬಿದ್ದುಹೋದರೂ ಇದು ಮಾತ್ರ 1811ರಲ್ಲಿ ಅಂಗೀಕಾರವಾಯಿತು. 1830ರಲ್ಲಿ ಬ್ಯಾಂಕುಗಳ ಒಡೆಯರು ಖೋಟಾ ದಾಖಲೆಯ ಅಪರಾಧದ ಬಗ್ಗೆ ಇದೇ ಬೇಡಿಕೆಯನ್ನು ಸಂಸತ್ತಿನ ಮುಂದಿಟ್ಟರು.