ಒಂದೇ ಪ್ರೋಟೀನು, ಬೇರೆ ಬೇರೆ ರೂಪ: ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಉರಿಯೂತದ ಬಗ್ಗೆ

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಮ್ಮ ತಂದೆಯವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ಶಿವಮೊಗ್ಗದ ನರರೋಗ ತಜ್ಞರು ತಿಳಿಸಿದ್ದಾರೆ. ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಗಟ್ಟಿ, ಉರಿಯೂತವಾಗಿ ನರಕೋಶಗಳು ಸಾಯುತ್ತವೆ ಎಂದು ಓದಿದೆ. ಆದರೆ ಅದೇ ಪ್ರೋಟೀನು ಆರೋಗ್ಯವಂತರ ಮಿದುಳಿನಲ್ಲಿಯೂ ಹೇರಳವಾಗಿರುತ್ತದೆಯಂತೆ. ಹಾಗಿದ್ದರೆ ಅದು ಕೆಲವರಲ್ಲಿ ಮಾತ್ರ ಹಾನಿ ಮಾಡುವುದೇಕೆ? ಪ್ರೋಟೀನೇ ಕಾರಣವೆಂದು ಮನೆಯ ಹಿರಿಯರು ತಂದೆಯವರಿಗೆ ಬೇಳೆ, ಹಾಲು ಕೊಡುವುದನ್ನೇ ನಿಲ್ಲಿಸಿದ್ದಾರೆ, ಇದು ಸರಿಯೇ?

ಉತ್ತರ 1 (ಸಾಗರದಿಂದ, ಜೀವರಸಾಯನಶಾಸ್ತ್ರದ ಅಧ್ಯಾಪಕಿ)

ಮುಖ್ಯ ವ್ಯತ್ಯಾಸವಿರುವುದು ರೂಪದಲ್ಲಿ. 140 ಅಮೈನೋ ಆಮ್ಲಗಳ ಈ ಸರಪಳಿ ಸಹಜ ಸ್ಥಿತಿಯಲ್ಲಿ ಬಿಡಿಬಿಡಿಯಾಗಿದ್ದು, ನರಕೋಶದ ತುದಿಯಲ್ಲಿ ರಾಸಾಯನಿಕ ಸಂದೇಶ ಹೊತ್ತ ಚೀಲಗಳ ಚಲನೆಗೆ ನೆರವಾಗುತ್ತದೆ. ಅದು ತಪ್ಪಾಗಿ ಮಡಚಿಕೊಂಡಾಗ ಮೊದಲು ಆಲಿಗೋಮರ್ ಎಂಬ ಸಣ್ಣ ಗುಂಪುಗಳು, ಅನಂತರ ಉದ್ದನೆಯ ನಾರುಗಳು ಉಂಟಾಗುತ್ತವೆ. ಜೋನಿಬೆಲ್ಲದ ಡಬ್ಬಿಯ ತಳದಲ್ಲಿ ಒಮ್ಮೆ ಹರಳು ಕೂತರೆ ಉಳಿದ ಬೆಲ್ಲವೂ ಅದನ್ನೇ ಹಿಡಿದು ಹರಳುಗಟ್ಟುವುದನ್ನು ನಮ್ಮ ಕಡೆಯವರೆಲ್ಲ ನೋಡಿರುತ್ತೇವೆ. ತಪ್ಪಾಗಿ ಮಡಚಿದ ತುಣುಕೂ ಹಾಗೆಯೇ ಪಕ್ಕದ ಅಣುಗಳನ್ನು ತನ್ನ ರೂಪಕ್ಕೆ ಎಳೆದುಕೊಳ್ಳುತ್ತದೆ.

ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಈ ರೂಪಭೇದವನ್ನು ಗುರುತಿಸಬಲ್ಲವು. ನರಕೋಶದಿಂದ ಹೊರಬಿದ್ದ ಆಲಿಗೋಮರ್‌ಗಳು ಅವುಗಳ ಮೇಲಿನ ಟಿಎಲ್‌ಆರ್2 ಎಂಬ ಗ್ರಾಹಕವನ್ನು (ಸಂಕೇತ ಗ್ರಹಿಸುವ ಪ್ರೋಟೀನನ್ನು) ಕೆರಳಿಸುತ್ತವೆ. ನಾರುಗಳು ಒಳಹೊಕ್ಕಾಗ ಎನ್‌ಎಲ್‌ಆರ್‌ಪಿ3 ಎಂಬ ವ್ಯವಸ್ಥೆ ಜಾಗೃತವಾಗಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತ ಹೊರಬರುತ್ತದೆ. ಈ ಸ್ಥಿತಿ ಬಹುಕಾಲ ಮುಂದುವರಿದರೆ ಚಲನೆಯ ನಿಯಂತ್ರಣಕ್ಕೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ತಾಳಲಾರವು. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಇಂತಹ ಕೆರಳಿದ ಮೈಕ್ರೋಗ್ಲಿಯಾಗಳಿರುವುದು 1988ರಲ್ಲಿಯೇ ವರದಿಯಾಗಿತ್ತು.

ಉತ್ತರ 2 (ಹೊಸನಗರದಿಂದ, ವೈದ್ಯ)

ಮೇಡಂ ಹೇಳಿದ್ದಕ್ಕೆ ಒಂದು ತಿದ್ದುಪಡಿ: ಪ್ರಮಾಣವೂ ಮುಖ್ಯವೇ. ಈ ಪ್ರೋಟೀನಿನ ಜೀನ್‌ನ ಹೆಚ್ಚುವರಿ ಪ್ರತಿಗಳಿರುವ ಕುಟುಂಬಗಳಲ್ಲಿ, ಬೇರೆ ದೋಷವಿಲ್ಲದೆಯೂ ಕಾಯಿಲೆ ಬರುವುದು 2003ರಲ್ಲಿ ತಿಳಿದುಬಂತು. ಹಾಗೆಯೇ ಮೈಕ್ರೋಗ್ಲಿಯಾಗಳನ್ನು ಖಳರೆಂದು ಎಣಿಸುವಂತಿಲ್ಲ, ಈ ಕಸವನ್ನು ನುಂಗಿ ತೆಗೆಯುವ ಕೆಲಸವೂ ಅವುಗಳದ್ದೇ.

ಆಲ್ಫಾ-ಸೈನ್ಯೂಕ್ಲಿನ್ ನರಕೋಶದೊಳಗೇ ತಯಾರಾಗುವುದರಿಂದ ಬೇಳೆಗೂ ಅದಕ್ಕೂ ಸಂಬಂಧವಿಲ್ಲ. ವಯಸ್ಸಾದವರಿಗೆ ಬೇಳೆ, ಹಾಲು ತಪ್ಪಿಸಿದರೆ ಸ್ನಾಯುಗಳೇ ಸೊರಗುತ್ತವೆ. ಆದರೆ ಊಟದ ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳು, ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಲೆವೊಡೋಪಾ ಮಾತ್ರೆ ಕರುಳಿನಲ್ಲಿ ಹೀರಿಕೆಯಾಗುವುದಕ್ಕೆ ಪೈಪೋಟಿ ನೀಡುತ್ತವೆ. ಆದ್ದರಿಂದ ಮಾತ್ರೆಗೂ ಊಟಕ್ಕೂ ಎಷ್ಟು ಅಂತರವಿರಬೇಕೆಂದು ತಜ್ಞರನ್ನೇ ಕೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ತಂದೆಯವರಿಗೆ ಇಂದಿನಿಂದಲೇ ತೊವ್ವೆ ಬಡಿಸುತ್ತೇವೆ. ಅವರು ಬೆಳಗಿನ ಮಾತ್ರೆಯನ್ನು ಇದುವರೆಗೆ ತಿಂಡಿಯ ಜೊತೆಗೇ ನುಂಗುತ್ತಿದ್ದರು. ಆ ಬಗ್ಗೆ ಮುಂದಿನ ಭೇಟಿಯವರೆಗೆ ಕಾಯದೆ ನಾಳೆಯೇ ಫೋನ್ ಮಾಡಿ ವಿಚಾರಿಸುತ್ತೇನೆ.