ಅಗ್ಗದ ವಾಚುಗಳ ಮೇಲಿನ ಟೀಕೆ: ಯಾವುದರಲ್ಲಿ ಹುರುಳಿದೆ, ಯಾವುದು ಬರೀ ಡೌಲು?

ಸೆಕೆಂಡಿನಮುಳ್ಳು (ಪ್ರಶ್ನೆ)

ಹತ್ತು ಸಾವಿರದೊಳಗೆ ಮೂರು ವಾಚು ಕೂಡಿಸುವ ಯೋಚನೆ ಇದೆ: ಕೀ ಕೊಡುವ ಹಳೆಯ ಎಚ್‌ಎಂಟಿ ಜನತಾ, ಕ್ಯಾಸಿಯೊ ಎಫ್-91ಡಬ್ಲ್ಯೂ, ಮತ್ತೆ ಬಳಸಿದ ಸೈಕೊ 5 (7ಎಸ್26 ಮೂವ್‌ಮೆಂಟಿನದು; ಮೂವ್‌ಮೆಂಟು ಅಂದರೆ ವಾಚಿನ ಒಳಗಿನ ಯಂತ್ರ). ಸಂಗ್ರಾಹಕರ ಗುಂಪುಗಳಲ್ಲಿ ಕೇಳಿದರೆ ಮೂರಕ್ಕೂ ಒಂದೊಂದು ಕೊಂಕು ಸಿದ್ಧವಾಗಿರುತ್ತದೆ. "ಸೆಲ್ ಹಾಕೋದು ವಾಚೇ ಅಲ್ಲ." "ಈಗ ಸಿಗೋ ಎಚ್‌ಎಂಟಿ ಎಲ್ಲಾ ಡೂಪ್ಲಿಕೇಟು." "ಸ್ವಂತ ಮೂವ್‌ಮೆಂಟ್ ಮಾಡೋ ಕಂಪನಿ ವಾಚು ಮಾತ್ರ ಇಟ್ಕೋಬೇಕು." ಇದರಲ್ಲಿ ತಾಂತ್ರಿಕವಾಗಿ ನಿಲ್ಲುವ ಮಾತು ಯಾವುದು? ಕೊಳ್ಳುವಾಗ ಏನೇನು ಪರೀಕ್ಷೆ ಮಾಡಬೇಕು?

ಬೀಟ್_18000

ಮೊದಲು ಸೆಲ್‌ನ ಮಾತು ತೆಗೆದುಕೊಳ್ಳಿ. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಸರ್ಕ್ಯೂಟು ಅದನ್ನು ಅರ್ಧ ಅರ್ಧ ಮಾಡುತ್ತಾ ಸೆಕೆಂಡಿಗೊಂದು ಮಿಡಿತಕ್ಕೆ ಇಳಿಸುತ್ತದೆ. ಎಫ್-91ಡಬ್ಲ್ಯೂಗೆ ಕ್ಯಾಸಿಯೊ ಹೇಳುವ ನಿಖರತೆ ತಿಂಗಳಿಗೆ 30 ಸೆಕೆಂಡು ಹಿಂದೆಮುಂದೆ, ಅಂದರೆ ದಿನಕ್ಕೆ ಒಂದು. ನಿಖರತೆಗೆ ಕೊಡುವ ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರ ಸಿಗಬೇಕಾದರೆ ಮೆಕ್ಯಾನಿಕಲ್ ಮೂವ್‌ಮೆಂಟು ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಎಂಬ ಮಿತಿಯೊಳಗಿದ್ದರೆ ಸಾಕು. ಸಮಯ ತೋರಿಸುವ ಕೆಲಸದಲ್ಲಿ ಆ ಪ್ಲಾಸ್ಟಿಕ್ ವಾಚು ಲಕ್ಷಗಟ್ಟಲೆ ಬೆಲೆಯವನ್ನು ಹಿಂದೆ ಹಾಕುತ್ತದೆ.

ಇತಿಹಾಸವೂ ಕೊಂಕಿನವರ ಕಡೆಗಿಲ್ಲ. 1969ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಸೈಕೊ ಆಸ್ಟ್ರಾನ್ ಬಂತು. ಮರುವರ್ಷವೇ ಸ್ವಿಸ್ ಕಂಪನಿಗಳು ಒಟ್ಟಾಗಿ ರೂಪಿಸಿದ ಬೀಟಾ 21 ಕ್ವಾರ್ಟ್ಜ್ ಮೂವ್‌ಮೆಂಟು ಹೊರಬಂತು. ಅದನ್ನು ಹಾಕಿದವರಲ್ಲಿ ರೋಲೆಕ್ಸ್, ಪಟೇಕ್ ಫಿಲಿಪ್, ಒಮೆಗಾ ಎಲ್ಲರೂ ಇದ್ದರು. ನಮ್ಮ ಪಕ್ಕದ ಹೊಸೂರಿನ ಟೈಟನ್ ಮಾಡಿದ ಎಡ್ಜ್ ನೋಡಿ: ಮೂವ್‌ಮೆಂಟಿನ ದಪ್ಪ 1.15 ಮಿ.ಮೀ., ಇಡೀ ವಾಚಿನದು 3.5 ಮಿ.ಮೀ., ಅಷ್ಟರಲ್ಲೂ 30 ಮೀಟರ್ ನೀರುತಡೆ. ಸೆಲ್ ಇದೆ ಅನ್ನುವ ಒಂದೇ ಕಾರಣಕ್ಕೆ ಇಂಥ ಕೆಲಸವನ್ನು ಕೀಳು ಅನ್ನುವವರು ನಿಜಕ್ಕೂ ವಾಚು ನೋಡಿಲ್ಲ, ಬೆಲೆಯ ಚೀಟಿ ನೋಡಿದ್ದಾರೆ.

"ಸ್ವಂತ ಮೂವ್‌ಮೆಂಟು" ವಾದ ಇನ್ನೂ ಬೇಗ ಬೀಳುತ್ತದೆ. ರೋಲೆಕ್ಸ್ ಡೇಟೋನಾದಲ್ಲಿ 1988ರಿಂದ 2000ದವರೆಗೆ ಇದ್ದದ್ದು ಝೆನಿತ್ ಕಂಪನಿಯ ಎಲ್ ಪ್ರಿಮೆರೊ ಮೂವ್‌ಮೆಂಟು. ಚಂದ್ರನ ಮೇಲೆ ಹೋದ ಒಮೆಗಾ ಸ್ಪೀಡ್‌ಮಾಸ್ಟರಿನ 321 ಮೂವ್‌ಮೆಂಟಿನ ಮೂಲ ಲೆಮಾನಿಯಾ ಎಂಬ ಬೇರೆ ಕಂಪನಿಯದ್ದು. ಅದೇ ಮೂಲದ ಮೂವ್‌ಮೆಂಟನ್ನು ಪಟೇಕ್ ಕೂಡ ವರ್ಷಗಟ್ಟಲೆ ಬಳಸಿತು. ಇನ್ನು ಆ ಅಳತೆಗೋಲನ್ನೇ ಹಿಡಿದರೆ ನಿಮ್ಮ ಸೈಕೊ 5 ಪಾಸಾಗುತ್ತದೆ, 7ಎಸ್26 ಸೈಕೊ ತಾನೇ ಮಾಡಿದ ಮೂವ್‌ಮೆಂಟು.

ತುಮಕೂರು_020

ಎಚ್‌ಎಂಟಿ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿನ ಟೀಕೆ ಪೂರ್ತಿ ಡೌಲಲ್ಲ. ಮೂಗು ಮುರಿಯುವುದು ಬೇರೆ, ಮೋಸ ತೋರಿಸಿಕೊಡುವುದು ಬೇರೆ. ಬೆಂಗಳೂರಿನ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಶುರುವಾಯಿತು. ಜನತಾದ ಮೂವ್‌ಮೆಂಟು ಸಿಟಿಜನ್‌ನಿಂದ ಬಂದ 020 ಸಾಲಿನದು: 17 ಜ್ಯುವೆಲ್ (ಸವೆತ ತಡೆಯುವ ಹರಳು), ಗಂಟೆಗೆ 18,000 ಬೀಟು (ಟಿಕ್). ಗಟ್ಟಿ, ಸರಳ, ಬಿಚ್ಚಿ ಜೋಡಿಸಲು ಸುಲಭ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಮೇಲೆ ಬೇಡಿಕೆ ಏರಿತು. ಆಗ ಹಳೆಯ ಮೂವ್‌ಮೆಂಟಿಗೆ ಹೊಸದಾಗಿ ಅಚ್ಚು ಹಾಕಿದ ಡಯಲು, ಸಿಕ್ಕಿದ ಮುಳ್ಳು, ಸಿಕ್ಕಿದ ಕೇಸು ಸೇರಿಸಿ "ಒರಿಜಿನಲ್" ಎಂದು ಮಾರುವುದು ಹೆಚ್ಚಿತು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಡಯಲಿನ ಅಕ್ಷರ ನೋಡಿ. ಕಾರ್ಖಾನೆಯ ಅಚ್ಚಿನಲ್ಲಿ "Para Shock" (ಪೆಟ್ಟುತಡೆ) ಎಂಬ ಚಿಕ್ಕ ಅಕ್ಷರಗಳ ಅಂಚೂ ಚೂಪಾಗಿರುತ್ತದೆ. ಮರುಅಚ್ಚಿನಲ್ಲಿ ಶಾಯಿ ಹರಡಿ ಅಕ್ಷರದ ಹೊಟ್ಟೆ ತುಂಬಿಕೊಂಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿನ ನಡುವಿಗೆ ಕೂರದೆ ಒಂದು ಕಡೆ ಜಾರಿರುತ್ತವೆ. ನಿಮಿಷದ ಮುಳ್ಳು ನಿಮಿಷದ ಗೆರೆಯನ್ನು ಮುಟ್ಟಬೇಕು. ಅದು ಗಿಡ್ಡವಾಗಿದ್ದರೆ ಬೇರೆ ವಾಚಿನದು. ಎಚ್‌ಎಂಟಿಯದೇ ಇನ್ನೊಂದು ವಾಚಾದ ಪೈಲಟ್ ಮಾದರಿಯಲ್ಲಿ ಕಿತ್ತಳೆ, ನೇರಳೆ, ಗಿಣಿಹಸಿರು ಡಯಲು ಕಂಡರೆ ಮುಂದೆ ಪರೀಕ್ಷಿಸುವ ಅಗತ್ಯವೂ ಇಲ್ಲ.

ಡಯಲನ್ನು ಮೂವ್‌ಮೆಂಟಿಗೆ ಹಿಡಿದಿಡುವುದು ಅದರ ಬೆನ್ನಿನ ಎರಡು ಪುಟ್ಟ ಕಾಲುಗಳು. ಬೇರೆ ಡಯಲು ಕೂರಿಸುವವರು ಅವನ್ನು ಮುರಿದು ಗಮ್ಮಿನಿಂದ ಅಂಟಿಸುತ್ತಾರೆ. ಬೇಸಿಗೆಯಲ್ಲಿ ಗಮ್ಮು ಸಡಿಲವಾದರೆ ಡಯಲು ತಿರುಗಿ 12 ಇರುವ ಜಾಗ ಓರೆಯಾಗುತ್ತದೆ, ಎದ್ದ ಅಂಚು ಮುಳ್ಳಿಗೆ ತಾಗಿ ವಾಚು ನಿಲ್ಲುತ್ತದೆ. ಹಿಂದಿನ ಮುಚ್ಚಳ ತೆಗೆಸದೆ ದುಡ್ಡು ಕೊಡಬೇಡಿ: ಮೂವ್‌ಮೆಂಟಿನ ಮೇಲೆ ಎಚ್‌ಎಂಟಿ ಗುರುತು ಇರಬೇಕು, ಸ್ಕ್ರೂ ತಲೆಗಳು ಕಿತ್ತುಹೋಗಿರಬಾರದು, ಅತ್ತಿತ್ತ ಆಡುತ್ತಾ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಹತ್ತಿರ ತುಕ್ಕು ಇರಬಾರದು.

ಟೈಮ್‌ಗ್ರಾಫರ್ (ವಾಚಿನ ಟಿಕ್ ಕೇಳಿ ಅಳೆಯುವ ಯಂತ್ರ) ಇರುವ ರಿಪೇರಿಯವರು ಸಿಕ್ಕರೆ ಪೂರ್ತಿ ಕೀ ಕೊಟ್ಟು, ಡಯಲು ಮೇಲೆ ಮಾಡಿ ಇಟ್ಟು ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತಿರುಗುತ್ತದೆ ಎಂದು ನೋಡಿಸಿ. ಇಷ್ಟು ಹಳೆಯ ಯಂತ್ರಕ್ಕೆ 230ರಿಂದ 270 ಡಿಗ್ರಿ ಇದ್ದರೆ ಚೆನ್ನ. 200ಕ್ಕಿಂತ ಕೆಳಗಿದ್ದರೆ ಎಣ್ಣೆ ಒಣಗಿದೆ, ಸರ್ವಿಸ್ ಖರ್ಚು ಕಳೆದು ಬೆಲೆ ಮಾತಾಡಿ. ಸರ್ವಿಸ್ ಅಂದರೆ ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕುವುದು. ಬಿಚ್ಚದೆ ಪೆಟ್ರೋಲಿನಲ್ಲಿ ಅದ್ದಿ ಕೊಡುವವರೂ ಇದ್ದಾರೆ. ಹಳೆಯ ಜಿಡ್ಡು ಕರಗಿ ವಾಚು ಕೆಲವು ವಾರ ಚುರುಕಾಗಿ ಓಡುತ್ತದೆ, ಆಮೇಲೆ ಎಣ್ಣೆಯೇ ಇಲ್ಲದ ಪಿವಟ್‌ಗಳು (ಚಕ್ರದ ಅಚ್ಚಿನ ತುದಿಗಳು) ಸವೆಯುತ್ತವೆ. ಬ್ಯಾಲೆನ್ಸ್ ಮತ್ತು ವೇಗದ ಚಕ್ರಗಳಿಗೆ ಮೋಬಿಯಸ್ 9010ರಂಥ ತೆಳು ಎಣ್ಣೆ, ನಡುಚಕ್ರ ಮತ್ತು ಬ್ಯಾರೆಲ್‌ಗೆ (ಕೀ ಸ್ಪ್ರಿಂಗಿನ ಡಬ್ಬಿ) ಡಿ5ರಂಥ ದಪ್ಪ ಎಣ್ಣೆ. ಚಕ್ರಗಳನ್ನು ತಡೆದು ಬಿಡುವ ಪ್ಯಾಲೆಟ್ ಫೋರ್ಕಿನ ಪಿವಟ್‌ಗೆ ಏನೂ ಹಾಕುವಂತಿಲ್ಲ. ಇದನ್ನು ಕೇಳಿದಾಗ ಸ್ಪಷ್ಟವಾಗಿ ಉತ್ತರ ಕೊಡುವವರ ಕೈಗೆ ವಾಚು ಕೊಡಿ.

ಡಯಲು ಬದಲಾದ ಜನತಾವನ್ನು ಹಾಗೆಂದು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ಕೊಂಡು ಕಟ್ಟಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ.

ನಾಲ್ಕು_ಸ್ಕ್ರೂ

ಕ್ಯಾಸಿಯೊದಲ್ಲೂ ನಕಲಿ ಇದೆ. ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಪರದೆಯ ಮೇಲೆ ಕಂಪನಿಯ ಹೆಸರು ಮೂಡಬೇಕು. ಮೂಡದಿದ್ದರೆ ಬಿಟ್ಟುಬಿಡಿ. ಆದರೆ ಇದನ್ನೂ ನಕಲು ಮಾಡಿರುವುದರಿಂದ ಮೂಡಿದ ಮಾತ್ರಕ್ಕೆ ಅಸಲಿ ಅಂತಲ್ಲ. ಮುಚ್ಚಳದ ಕೆತ್ತನೆಯಲ್ಲಿ 593 ಎಂಬ ಮಾಡ್ಯೂಲ್ ಸಂಖ್ಯೆಯನ್ನೂ ನೋಡಿ.

ಸೆಲ್ ಸಿಆರ್2016, ಸುಮಾರು ಏಳು ವರ್ಷ ಬರುತ್ತದೆ. ನೀವೇ ಬದಲಿಸಬಹುದು. ಹಿಂದಿನ ನಾಲ್ಕು ಸ್ಕ್ರೂ ತೆಗೆಯಿರಿ, ಮುಚ್ಚಳ ಎತ್ತುವಾಗ ಚಿಕ್ಕ ಸ್ಪ್ರಿಂಗ್ ಹಾರಿಹೋಗದಂತೆ ನೋಡಿಕೊಳ್ಳಿ. ಅದು ಕಳೆದರೆ ವಾಚು ನಡೆಯುತ್ತದೆ, ಅಲಾರಂ ಮಾತ್ರ ಕೂಗುವುದಿಲ್ಲ. ಸೆಲ್ ಕೂರಿಸಿದ ಮೇಲೆ ಎಸಿ ಎಂದು ಬರೆದಿರುವ ಬಿಂದುವನ್ನೂ ಸೆಲ್‌ನ ಪ್ಲಸ್ ಮುಖವನ್ನೂ ಲೋಹದ ಚಿಮುಟದಿಂದ ಎರಡು ಸೆಕೆಂಡು ಒಟ್ಟಿಗೆ ಮುಟ್ಟಿಸಿ. ಹಾಗೆ ಮಾಡದಿದ್ದರೆ ಕೆಲವೊಮ್ಮೆ ಪರದೆ ಖಾಲಿ ಇರುತ್ತದೆ, ಇಲ್ಲವೇ ಅಂಕಿ ಅಡ್ಡಾದಿಡ್ಡಿ ಬರುತ್ತದೆ. ರಬ್ಬರ್ ಗ್ಯಾಸ್ಕೆಟ್ ತೋಡಿನಲ್ಲಿ ಸಮವಾಗಿ ಕೂತಿದೆಯಾ ಎಂದು ನೋಡಿ, ಸ್ಕ್ರೂಗಳನ್ನು ಎದುರುಬದುರು ಬಿಗಿಯಿರಿ. ಒಂದು ಮೂಲೆಯನ್ನು ಮೊದಲೇ ಬಿಗಿದರೆ ಗ್ಯಾಸ್ಕೆಟ್ ಹಿಸುಕಿಕೊಂಡು ನೀರು ಒಳಗೆ ಹೋಗುತ್ತದೆ. ಇದರ ನೀರುತಡೆ ಮಳೆಹನಿಗೆ, ಕೈತೊಳೆಯುವುದಕ್ಕೆ ಸಾಕು. ಬಿಸಿನೀರಿನ ಸ್ನಾನಕ್ಕೆ, ಈಜಿಗೆ ಬೇಡ.

ಸೈಕೊ 7ಎಸ್26ಕ್ಕೆ ಕೀ ಕೊಡಲು ಬರುವುದಿಲ್ಲ, ಕ್ರೌನ್ (ಪಕ್ಕದ ತಿರುಗಣೆ) ಎಳೆದರೆ ಸೆಕೆಂಡು ಮುಳ್ಳೂ ನಿಲ್ಲುವುದಿಲ್ಲ. ಅದರಿಂದ ವಾಚು ಕೆಟ್ಟಿದೆ ಎಂದು ತಿಳಿಯಬೇಡಿ, ಅದರ ರಚನೆಯೇ ಹಾಗೆ. ಕೈಯಲ್ಲಿಟ್ಟು ಮೆಲ್ಲಗೆ ಪಕ್ಕಕ್ಕೆ ಆಡಿಸಿದರೆ ಓಡಲು ಶುರುವಾಗಬೇಕು. ದಿನಕ್ಕೆ 20 ಸೆಕೆಂಡು ಹಿಂದೆ, 40 ಸೆಕೆಂಡು ಮುಂದೆ ಹೋಗುವುದು ಕಂಪನಿಯೇ ಹೇಳಿರುವ ಮಿತಿ. ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ಕ್ಯಾಲೆಂಡರಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯುತ್ತವೆ.

ಸೆಕೆಂಡಿನಮುಳ್ಳು

ಎಲ್ಲರಿಗೂ ಧನ್ಯವಾದ. ಒಂದು ಜನತಾ ನೋಡಿದೆ, ಡಯಲು ನೀವು ಹೇಳಿದ ಹಾಗೆಯೇ ಇದೆ. ಆದರೆ ದಿನಕ್ಕೆ ಎಂಟು ನಿಮಿಷ ಮುಂದೆ ಓಡುತ್ತಿದೆ. ಬಿಡಲೇ?

ತುಮಕೂರು_020

ಬಿಡಬೇಡಿ, ಮೊದಲು ದಿಕ್ಸೂಚಿಯ ಹತ್ತಿರ ಹಿಡಿದು ನೋಡಿ. ದಿಕ್ಸೂಚಿಯ ಮುಳ್ಳು ಚೆನ್ನಾಗಿ ಅಲುಗಿದರೆ ಆಯಸ್ಕಾಂತ ಹತ್ತಿದೆ. ಸ್ಪೀಕರ್, ಆಯಸ್ಕಾಂತದ ಮುಚ್ಚಳವಿರುವ ಮೊಬೈಲ್ ಕವರ್ ಇಂಥವುಗಳಿಂದ ಹತ್ತುತ್ತದೆ. ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ತೆಳು ಸುರುಳಿಯಾದ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ಅದರ ಉದ್ದ ಕಡಿಮೆಯಾದಂತಾಗುವುದರಿಂದ ವಾಚು ಹೀಗೆ ಓಡುತ್ತದೆ. ಡಿಮ್ಯಾಗ್ನೆಟೈಸರ್ (ಆಯಸ್ಕಾಂತ ಬಿಡಿಸುವ ಉಪಕರಣ) ಮೇಲೆ ಇಟ್ಟು, ಗುಂಡಿ ಒತ್ತಿಕೊಂಡೇ ವಾಚನ್ನು ನಿಧಾನವಾಗಿ ಒಂದಡಿಗಿಂತ ದೂರ ಎಳೆದು, ಆಮೇಲೆ ಗುಂಡಿ ಬಿಡಬೇಕು. ಹತ್ತಿರವಿದ್ದಾಗಲೇ ಬಿಟ್ಟರೆ ಇನ್ನಷ್ಟು ಹತ್ತಿಕೊಳ್ಳುತ್ತದೆ. ಆಮೇಲೂ ಹಾಗೇ ಓಡಿದರೆ ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿರಬಹುದು, ಇಲ್ಲವೇ ಸೊಟ್ಟಗಾಗಿರಬಹುದು. ಎಣ್ಣೆಯಾದರೆ ತೊಳೆದರೆ ಹೋಗುತ್ತದೆ. ಸೊಟ್ಟಗಾಗಿದ್ದರೆ ಇನ್ನೊಂದು ಮೂವ್‌ಮೆಂಟಿನಿಂದ ಬ್ಯಾಲೆನ್ಸ್ ಪೂರ್ತಿ ತೆಗೆದು ಹಾಕಿಸಬೇಕು, ಆ ಖರ್ಚು ಕೇಳಿಕೊಂಡೇ ಬೆಲೆ ಕುದುರಿಸಿ.